ಮಾಲೀಕರ ನೆಗೆಟಿವ್ ರಿಪೋರ್ಟ್

ನಾನು ಶಿವಮೊಗ್ಗದ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿದ್ದಾಗ, ಮಾಚೇನಹಳ್ಳಿಯ ಸಣ್ಣ ಕಾರ್ಖಾನೆಯೊಂದರ ನಾಲ್ವರು ಕೆಲಸಗಾರರಿಗೆ ಒಟ್ಟಿಗೇ ಕಾಮಾಲೆ ಬಂತು. ನಾಲ್ವರ ರಕ್ತದಲ್ಲೂ ಹೆಪಟೈಟಿಸ್ ಎ ಐಜಿಎಂ ಪಾಸಿಟಿವ್. ಅಂದರೆ ಸೋಂಕು ಹೊಸದು, ಕೊಳಕು ನೀರಿನಿಂದಲೋ ಊಟದಿಂದಲೋ ತಗುಲಿದ್ದು.

ಸುದ್ದಿ ಕೇಳಿ ಮಾಲೀಕರೇ ಕಾರಿನಲ್ಲಿ ಬಂದಿಳಿದರು. ಸರಸ್ವತಿ ಅವರ ನಾಲಿಗೆಯ ಮೇಲಲ್ಲ, ಗಂಟಲಲ್ಲಿದ್ದಳು.

"ಕುಡುಕರ ಲಿವರ್ ಕೆಟ್ರೆ ನಮ್ಮ ಟ್ಯಾಂಕಿನ ಮೇಲೆ ಗೂಬೆ ಕೂರಿಸ್ತೀಯಾ ಮಾರಾಯ? ದಿನಾ ನಾನೂ ಅದೇ ನೀರು ಕುಡೀತೀನಿ. ತಗೋ, ನನ್ನ ರಕ್ತಾನೂ ನೋಡು" ಎಂದು ತೋಳು ಚಾಚಿದರು.

ನೋಡಿದೆ. ಐಜಿಎಂ ನೆಗೆಟಿವ್, ಐಜಿಜಿ ಪಾಸಿಟಿವ್.

"ಸಾರ್, ನಿಮಗೆ ಈ ಸೋಂಕು ಹಿಂದೆ ಯಾವಾಗಲೋ ಬಂದು ಹೋಗಿದೆ. ಇನ್ನು ಚರಂಡಿ ನೀರು ಕುಡಿದ್ರೂ ಇದು ನಿಮಗೆ ಬರಲ್ಲ. ಅದಕ್ಕೇ ನಿಮ್ಮ ರಿಪೋರ್ಟ್ ನೋಡಿ ನೀರು ಚೆನ್ನಾಗಿದೆ ಅನ್ನೋಕಾಗಲ್ಲ. ಟ್ಯಾಂಕ್ ತೊಳೆಸಿ" ಎಂದೆ.

"ನೆಗೆಟಿವ್ ಅಂತ ಇದೆಯಲ್ಲ, ಅಷ್ಟು ಸಾಕು" ಎಂದು ರಿಪೋರ್ಟ್ ಜೇಬಿಗೆ ತುರುಕಿಕೊಂಡು ಹೋದರು.

ಆ ನಾಲ್ವರಲ್ಲೊಬ್ಬನಾದ ಭದ್ರಾವತಿಯ ಸೆಲ್ವಂ, ಚೇತರಿಸಿಕೊಂಡ ಮೇಲೆ ಮತ್ತೆ ರಕ್ತ ಪರೀಕ್ಷೆಗೆ ಬಂದಿದ್ದ. ಕಾರ್ಖಾನೆಯಲ್ಲಿ ಇನ್ನಿಬ್ಬರು ಹಾಸಿಗೆ ಹಿಡಿದಿದ್ದಾರಂತೆ. ಉಳಿದವರು ಮನೆಯಿಂದಲೇ ಕ್ಯಾನಿನಲ್ಲಿ ನೀರು ತರುತ್ತಾರಂತೆ.

"ಟ್ಯಾಂಕ್ ತೊಳೆಸಿದ್ರಾ?" ಎಂದು ಕೇಳಿದೆ.

"ಇಲ್ಲ ಸಾರ್. ಮಾಲೀಕರು ತಮ್ಮ ರಿಪೋರ್ಟ್ ತಂದು ನಲ್ಲಿ ಮೇಲೆ ಅಂಟಿಸಿದ್ದಾರೆ."

ಟ್ಯಾಂಕಿಗೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಹಾಕಿಸದ ಮಹಾನುಭಾವರು ರಿಪೋರ್ಟಿಗೆ ಮಾತ್ರ ಲ್ಯಾಮಿನೇಷನ್ ಮಾಡಿಸಿದ್ದರಂತೆ, ಆ ನೀರು ಸಿಡಿದು ಅದು ಹಾಳಾಗಬಾರದೆಂದು.