ಐದನೆಯವನು ಎಲ್ಲಿ?

ಬಸ್ಸಕ್ಕ ಶಾಲೆಯ ಬಸ್ಸು ಓಡಿಸಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಮೊದಲ ವರ್ಷವೇ ಒಂದು ಪುಟ್ಟ ಹುಡುಗಿ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿ, ಬೀಗ ಹಾಕಿದ ಬಸ್ಸಿನೊಳಗೆ ಕಾಲು ಗಂಟೆ ಒಬ್ಬಳೇ ಉಳಿದುಬಿಟ್ಟಿದ್ದಳು. ಮಗುವಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ಬಸ್ಸಕ್ಕನಿಗೆ. ಅಂದಿನಿಂದ ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ ತಲೆ ಎಣಿಸದೆ ಅವಳು ಬಸ್ಸಿನ ಬಾಗಿಲು ಮುಚ್ಚಿದವಳಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೂ ಕಣ್ಣು ತನ್ನಷ್ಟಕ್ಕೆ ತಾನೇ ತಲೆ ಎಣಿಸುತ್ತಿತ್ತು. ಗಂಡ ನಗುತ್ತಿದ್ದ. ನಗಲಿ ಬಿಡಿ, ಅವನಿಗೇನು ಗೊತ್ತು!

ಇಂಥವಳು ಕಂಪ್ಯೂಟರ್ ಮುಂದೆ ಕೂತು ಬಂದೂಕಿನ ಆಟ ಆಡುವಂತಾದದ್ದು ನಾದಿನಿಯ ದೆಸೆಯಿಂದ. ನಾದಿನಿಯ ತಂಡಕ್ಕೆ ಔಷಧಿ ಅಂಗಡಿಯವನು ಕ್ಯಾಪ್ಟನ್. ಜೊತೆಗೆ ಎಲೆಕ್ಟ್ರಿಷಿಯನ್ ಕೆಲಸದ ಅಣ್ಣ ತಮ್ಮ. ಒಮ್ಮೆ ಒಬ್ಬರು ಕಡಿಮೆಯಾದರು. "ಅತ್ತಿಗೆ, ಒಂದು ಭಾನುವಾರ ಸುಮ್ನೆ ಬಂದು ಕೂತ್ಕೊಳ್ಳಿ. ಸೀಟು ತುಂಬಿದ್ರೆ ಸಾಕು" ಎಂದಳು ನಾದಿನಿ. ಬಂದು ಕೂತವಳು ಎರಡು ವರ್ಷವಾದರೂ ಎದ್ದು ಹೋಗಲಿಲ್ಲ. ವಾರವೆಲ್ಲ ಬೇರೆಯವರ ಮಕ್ಕಳಿಗಾಗಿ ಕೂರುವ ಅವಳು ತನಗಾಗಿ ಕೂರುತ್ತಿದ್ದುದು ಅಲ್ಲೊಂದೇ ಕಡೆ.

ಆಟವೇನೋ ಸರಳ. ಗೋದಾಮಿನಲ್ಲಿ ಒಂದು ಪೆಟ್ಟಿಗೆ. ಒಂದು ತಂಡದ ಐವರು ಹೊತ್ತು ಮುಗಿದ ಗಂಟೆ ಹೊಡೆಯುವವರೆಗೆ ಅದನ್ನು ಕಾಯಬೇಕು, ಇನ್ನೊಂದು ತಂಡದ ಐವರು ಹೊತ್ತೊಯ್ಯಬೇಕು. ಗುಂಡು ತಗಲಿದವರು ಆ ಸುತ್ತಿಗೆ ಹೊರಗೆ. ಯಾರು ಎಷ್ಟು ಜನರನ್ನು ಹೊಡೆದರೆಂಬ ಪಟ್ಟಿ ಕೊನೆಗೆ ತೆರೆಯ ಮೇಲೆ ಬರುತ್ತದೆ. ಅದರಲ್ಲಿ ಬಸ್ಸಕ್ಕ ಸದಾ ಕಟ್ಟಕಡೆ. ಅವಳು ಹೊಡೆಯುವುದಕ್ಕಿಂತ ನೋಡುವುದೇ ಹೆಚ್ಚು, ನೋಡಿದ್ದನ್ನು ಪಟ್ಟಿ ಬರೆದುಕೊಳ್ಳುವುದಿಲ್ಲ.

ಊರಿನ ತಂಡಗಳ ಲೀಗಿನ ಕೊನೆಯ ಪಂದ್ಯ, ಗೆದ್ದವರಿಗೇ ಲೀಗು. ಆ ದಿನ ಸಭಾಂಗಣದಲ್ಲಿ ಎಲ್ಲರೂ ಹೆಡ್‌ಫೋನ್ ಏರಿಸುತ್ತಿದ್ದಾಗ ಕ್ಯಾಪ್ಟನ್ ಬಾಯಿಬಿಟ್ಟ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇವತ್ತು ನಾಲ್ಕು ಜನರನ್ನಾದ್ರೂ ಹೊಡೀಲಿಲ್ಲ ಅಂದ್ರೆ, ಮುಂದಿನ ವರ್ಷ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಬೇಕಾಗತ್ತೆ."

ಬೇಜಾರು ಮಾಡ್ಕೋಬೇಡಿ ಅಂದವರೆಲ್ಲ ಬೇಜಾರಾಗುವ ಮಾತನ್ನೇ ಆಡುವುದು. ಬಸ್ಸಕ್ಕ ತಲೆಯಾಡಿಸಿ ಹೆಡ್‌ಫೋನ್ ಏರಿಸಿಕೊಂಡಳು.

ಮೂರು ಸುತ್ತಿನ ಪಂದ್ಯ, ಕಾಯುವ ಪಾಳಿ ಇವರದು. ಮೊದಲ ಸುತ್ತಿನಲ್ಲಿ ಬಸ್ಸಕ್ಕ ಎಂದೂ ಮಾಡದ್ದನ್ನು ಮಾಡಿದಳು. ಕಾವಲು ಬಿಟ್ಟು ಹೊರಗೆ ನುಗ್ಗಿ ಇಬ್ಬರನ್ನು ಕೆಡವಿದಳು. "ಶಭಾಷ್ ಅಕ್ಕಾ! ಆಟ ಅಂದ್ರೆ ಇದು!" ಎಂದು ಕ್ಯಾಪ್ಟನ್ ಕೂಗುತ್ತಿರುವಾಗಲೇ ಎದುರಾಳಿಗಳಲ್ಲೊಬ್ಬ ಹಿಂದಿನಿಂದ ಬಂದು ಪೆಟ್ಟಿಗೆ ಎತ್ತಿಕೊಂಡು ಹೋದ. ಸುತ್ತು ಕೈತಪ್ಪಿತು. ಕ್ಯಾಪ್ಟನ್ ಅದೃಷ್ಟವನ್ನು ಬೈದ. ತಾನು ತಲೆ ಎಣಿಸಿರಲಿಲ್ಲ ಎಂಬುದು ಬಸ್ಸಕ್ಕನಿಗೊಬ್ಬಳಿಗೇ ಗೊತ್ತಿತ್ತು. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಎರಡನೆಯ ಸುತ್ತಿನಲ್ಲಿ ಅವಳು ಪೆಟ್ಟಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. "ಬಲಗಡೆ ಇಬ್ರು. ಮೆಟ್ಟಿಲ ಹತ್ರ ಒಬ್ಬ. ಕಿಟಕಿ ಕೆಳಗೆ ಇನ್ನಿಬ್ರು" ಎಂದು ಹೇಳುತ್ತಾ ಹೋದಳು, ಉಳಿದವರು ಹೊಡೆಯುತ್ತಾ ಹೋದರು. ಸುತ್ತು ಇವರದಾಯಿತು.

"ನಿಮ್ದು ಇನ್ನೂ ಎರಡೇ ಅಕ್ಕಾ" ಎಂದ ಕ್ಯಾಪ್ಟನ್. ನಾದಿನಿ ಮೇಜಿನಡಿ ಅವನ ಕಾಲಿಗೆ ಒದ್ದಳು.

ಕೊನೆಯ ಸುತ್ತು. ಮುಂದಿನ ಗೇಟಿಗೆ ನಾಲ್ವರು ನುಗ್ಗಿದರು. ಅಣ್ಣ ತಮ್ಮ ಒಬ್ಬೊಬ್ಬರನ್ನು ಉರುಳಿಸಿದರು, ಮಿಕ್ಕ ಇಬ್ಬರು ಹಿಂದಿರುಗಿ ಓಟ ಕಿತ್ತರು.

"ಓಡ್ತಿದಾರೆ! ಎಲ್ರೂ ಬನ್ನಿ! ಅಕ್ಕಾ, ಆ ಇಬ್ರು ನಿಮಗೇ, ನಾಲ್ಕು ಆಗತ್ತೆ!" ಎಂದು ಕ್ಯಾಪ್ಟನ್ ಕಿರುಚಿದ.

ನಾಲ್ಕಾದರೆ ಜಾಗ ಉಳಿಯುತ್ತದೆ. ಬಸ್ಸಕ್ಕ ತಲೆ ಎಣಿಸಿದಳು.

"ಕಂಡಿದ್ದು ನಾಲ್ಕೇ ತಲೆ. ಐದನೆಯವನು ಎಲ್ಲಿ?"

"ಎಲ್ಲೋ ಇರ್ತಾನೆ, ಬನ್ನಿ ಅಕ್ಕಾ!"

"ಎಲ್ಲೋ ಅಂದ್ರೆ ಎಲ್ಲಿ? ಅದು ಗೊತ್ತಾಗೋವರೆಗೂ ನಾನು ಅಲ್ಲಾಡಲ್ಲ. ನೀವೂ ಹೋಗ್ಬೇಡಿ, ನಿಲ್ಲಿ."

ಕೇಳುವವರು ಯಾರು? ನಾಲ್ವರೂ ಬೆನ್ನಟ್ಟಿ ಓಡಿದರು. ಓಟ ಕಿತ್ತ ಎದುರಾಳಿಗಳಿಬ್ಬರು ಕಿರುಗಲ್ಲಿಯ ತಿರುವಿನಲ್ಲಿ ಹೊಂಚುಹಾಕಿ ಕೂತಿದ್ದರು. ಬಂದವರನ್ನು ಬಂದ ಹಾಗೆ ಕೆಡವಿದರು. ಕಣ್ಣುಮುಚ್ಚಿ ಬಿಡುವುದರೊಳಗೆ ಇವರ ಕಡೆ ಉಳಿದದ್ದು ಬಸ್ಸಕ್ಕ ಒಬ್ಬಳು. ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಬಾಕಿ.

ಹಿಂದಿನ ಕಿಟಕಿಯ ಗಾಜು ಪುಡಿಯಾಯಿತು. ಐದನೆಯವನು ಒಳಗೆ ಧುಮುಕಿದ. ಪೆಟ್ಟಿಗೆಗೆ ಕೈ ಚಾಚಿದವನನ್ನು ಬಸ್ಸಕ್ಕ ಒಂದೇ ಗುಂಡಿಗೆ ಕೆಡವಿದಳು. ಗಲ್ಲಿಯ ಇಬ್ಬರು ಎದ್ದುಬಿದ್ದು ವಾಪಸು ಓಡಿಬಂದು ಬಾಗಿಲು ಮುಟ್ಟುವ ಹೊತ್ತಿಗೆ ಗಂಟೆ ಹೊಡೆದಿತ್ತು. ಪೆಟ್ಟಿಗೆ ಇದ್ದಲ್ಲೇ ಇತ್ತು. ಲೀಗು ಇವರದಾಗಿತ್ತು!

ಸಭಾಂಗಣವೇ ಎದ್ದು ಕೂಗಿತು. ನಾದಿನಿ ಅತ್ತಿಗೆಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ತೆರೆಯ ಮೇಲೆ ಇಡೀ ಲೀಗಿನ ಪಟ್ಟಿ ಬಂತು. ಬಸ್ಸಕ್ಕ ಕಟ್ಟಕಡೆ.

"ಇವತ್ತು ಮೂರೇ ಆಯ್ತಪ್ಪ. ಒಂದು ಕಮ್ಮಿ" ಎಂದಳು ಅವಳು, ಹೆಡ್‌ಫೋನ್ ತೆಗೆಯುತ್ತಾ.

ಕ್ಯಾಪ್ಟನ್ನನ ಮುಖ ಇಷ್ಟಗಲವಾಯಿತು. "ಆ ಪಟ್ಟಿ ಕಟ್ಕೊಂಡು ಏನಾಗ್ಬೇಕು ಅಕ್ಕಾ? ನಾನು ಕಿರುಚಿ ಕಿರುಚಿ ಮೂರು ಜನರನ್ನ ಗಲ್ಲಿಗೆ ಕರ್ಕೊಂಡು ಹೋಗಿ ಹೊಡೆಸಿಬಿಟ್ಟೆ. ಮುಂದಿನ ವರ್ಷ ಯಾರು ಎಲ್ಲಿ ನಿಲ್ಲಬೇಕು ಅಂತ ನೀವೇ ಹೇಳಿ."

"ಅಂದ್ರೆ?"

"ಅಂದ್ರೆ ಕ್ಯಾಪ್ಟನ್ ನೀವೇ."

ಬಸ್ಸಕ್ಕ ಹೆಡ್‌ಫೋನಿನ ವೈರನ್ನು ನಿಧಾನವಾಗಿ ಸುತ್ತಿಟ್ಟಳು. ಎರಡು ವರ್ಷ ಅವನ ಕೂಗು ಕೇಳಿದ ಕಿವಿಯಿದು, ಅವನೂ ಸ್ವಲ್ಪ ಕಾಯಲಿ ಎನಿಸಿತು. ಸಂತೋಷವಂತೂ ಎದೆಯಲ್ಲಿ ಹಿಡಿಸುತ್ತಿರಲಿಲ್ಲ.

"ಆಗಲಿ. ಆದ್ರೆ ನಾನು ನಿಲ್ಲಿ ಅಂದ್ರೆ ನಿಲ್ಲಬೇಕು" ಎಂದಳು ಕೊನೆಗೆ.

"ನಿಲ್ತೀನಿ ಅಕ್ಕಾ" ಎಂದು ಅವನು ಕ್ಯಾಪ್ಟನ್ ಕೂರುವ ನಡುವಿನ ಕುರ್ಚಿಯಿಂದ ಎದ್ದು, ಅದನ್ನು ಅವಳತ್ತ ಎಳೆದ. ಬಸ್ಸಕ್ಕ ಬೇಡವೆನ್ನದೆ ಕೂತಳು.