ದಿಬ್ಬಣದ ಕುದುರೆ ಅಡ್ಡ ಬಿತ್ತು

ಕುದುರೆ ನಿಂತೇ ನಿದ್ದೆ ಮಾಡುತ್ತದೆ, ನೆಲಕ್ಕೆ ಬಿದ್ದರೆ ಅದರ ಕಥೆ ಮುಗಿಯಿತು ಎಂದು ಕಾಣಿಯೂರಿನಲ್ಲಿ ಎಲ್ಲರೂ ನಂಬಿದ್ದರು. ಅವರಲ್ಲಿ ಕುದುರೆ ಸಾಕಿದವರು ಒಬ್ಬರೂ ಇರಲಿಲ್ಲ. ನಂಬಲಿಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ನಾನಾಗ ವಿಶ್ವವಿದ್ಯಾಲಯದಲ್ಲಿ ಕುದುರೆಗಳ ಆರೋಗ್ಯ, ಆರೈಕೆಯ ಬಗ್ಗೆ ಓದುತ್ತಿದ್ದೆ. ರಜೆಗೆ ಬಂದಿದ್ದಾಗ ನೆರೆಮನೆಯ ರಾಮಣ್ಣ ಓಡಿ ಬಂದರು. ಮಗನ ಮದುವೆ ದಿಬ್ಬಣಕ್ಕೆಂದು ಮೈಸೂರಿನಿಂದ ತರಿಸಿದ ಕುದುರೆ ಅವರ ಅಂಗಳದ ಬೈಹುಲ್ಲಿನ ಮೇಲೆ ಕಾಲು ಚಾಚಿ ಬಿದ್ದಿತ್ತು. ಅದರ ಯಜಮಾನ ಪೇಟೆಗೆ ಹೋಗಿದ್ದ, ಫೋನಿಗೂ ಸಿಗುತ್ತಿರಲಿಲ್ಲ.

"ಅವನಿಗೆ ಎಂತ ಹೇಳುದು ಮಾರಾಯ್ತಿ? ಅವನ ಹೊಟ್ಟೆಪಾಡೇ ಇದು" ಎಂದು ರಾಮಣ್ಣ ತಲೆಗೆ ಕೈಯಿಟ್ಟರು.

ಕಂಬಳದ ಕೋಣ ಸಾಕುವ ಅವರ ಭಾವ ಆಗಲೇ ಎಣ್ಣೆ ಬಿಸಿ ಮಾಡಿ ತಂದಿದ್ದರು. "ಚೆನ್ನಾಗಿ ಉಜ್ಜಿದರೆ ಎದ್ದು ಓಡ್ತದೆ."

"ಅದು ಕೋಣ ಅಲ್ಲ ಮಾವ" ಎಂದ ಮದುಮಗ.

"ಕೋಣವೇ ಆಗಿದ್ರೆ ನಿನ್ನನ್ನು ಇಷ್ಟೊತ್ತಿಗೆ ಚಪ್ಪರಕ್ಕೆ ಮುಟ್ಟಿಸ್ತಿತ್ತು."

ನಾನು ಕುದುರೆಯ ಒಸಡು ನೋಡಿದೆ, ಹೊಟ್ಟೆಗೆ ಕಿವಿಯಿಟ್ಟು ಕೇಳಿದೆ. ಎಲ್ಲವೂ ಸರಿಯಿತ್ತು.

"ನಿದ್ದೆ ಮಾಡ್ತಾ ಉಂಟು" ಎಂದೆ.

"ಇದನ್ನು ಹೇಳ್ಲಿಕ್ಕೆ ಅಷ್ಟು ಓದಬೇಕಿತ್ತಾ?" ಎಂದರು ಭಾವ.

ಉತ್ತರವನ್ನು ಕುದುರೆಯೇ ಕೊಟ್ಟಿತು. ಒಳಕೋಣೆಯಲ್ಲಿದ್ದ ಕಿವಿ ಮಂದವಾದ ಅಜ್ಜಿಗೂ ಕೇಳುವಷ್ಟು ಜೋರಾಗಿ ಗೊರಕೆ ಹೊಡೆಯಿತು. ಅಂಗಳವಿಡೀ ನಕ್ಕಿತು. ರಾಮಣ್ಣ ಕಣ್ಣೊರೆಸಿಕೊಂಡು, ಬ್ಯಾಂಡಿನವರನ್ನು ರಸ್ತೆಯಾಚೆಗೆ ಅಟ್ಟಿದರು. ಕುದುರೆ ಏಳುವ ತನಕ ದಿಬ್ಬಣ ಕಾಯಿತು.

ಹೆದರಿಕೆಯಿಲ್ಲದ ಜಾಗ ಸಿಕ್ಕಿದರೆ ಮಾತ್ರ ಕುದುರೆ ಹಾಗೆ ಮಲಗುತ್ತದೆ.