ಮಲ್ಲೇಶ್ವರಂ ಅಲ್ಲ, ಶ್ರೀರಾಂಪುರ

ಶ್ರೀರಾಂಪುರದಿಂದ ಬಸವನಗುಡಿಗೆ ಮೆಟ್ರೊದಲ್ಲಿ ಹೋದರೆ ಇಳಿದು ನಡೆಯುವುದೂ ಸೇರಿ ಮುಕ್ಕಾಲು ಗಂಟೆ ಸಾಕು. ಅಮ್ಮನಿಗೆ ಬಸ್ಸೇ ಬೇಕಿತ್ತು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ ಎಂಬುದು ಒಂದು ಕಾರಣ, ದಾರಿಯಲ್ಲಿ ಮಾರ್ಕೆಟ್ಟಿನಲ್ಲಿ ಇಳಿದು ಹೂವು ಕೊಳ್ಳಬಹುದು ಎಂಬುದು ಇನ್ನೊಂದು. ಈ ಸಲದ ಫಾಲ್ಗುಣದ ಒಂದು ಭಾನುವಾರ, ಬಿಸಿಲು ಏರುವ ಮೊದಲೇ ನಾವಿಬ್ಬರೂ ಹೊರಟೆವು. ನನ್ನ ತಮ್ಮ ಮಹೇಶನ ಹೆಂಡತಿ ಸಿಂಧು ತವರಿನಲ್ಲಿ ಬಾಣಂತನ ಮುಗಿಸಿದ್ದಳು. ಅವಳನ್ನೂ ಮಗುವನ್ನೂ ಮನೆಗೆ ಕರೆತರಬೇಕಿತ್ತು. ಮಗುವಿಗೆ ಆಗಲೇ ಐದನೇ ತಿಂಗಳು. ಅಮ್ಮ ಅದನ್ನು ಎತ್ತಿಕೊಂಡಿದ್ದು ಆಸ್ಪತ್ರೆಯಲ್ಲೊಮ್ಮೆ, ನಾಮಕರಣದಲ್ಲೊಮ್ಮೆ, ಅಷ್ಟೇ. ನಾವು ಬರುವ ವಿಷಯ ಫೋನಿನಲ್ಲಿ ತಿಳಿಸಿದಾಗ, ಹೆಂಡತಿಯ ತವರಿನಲ್ಲೇ ಉಳಿದಿದ್ದ ಮಹೇಶ, “ಬನ್ನಿ, ನೋಡೋಣ” ಎಂದಿದ್ದ. ಆ ‘ನೋಡೋಣ’ದ ಅರ್ಥ ನಮಗೆ ಆಗ ಹೊಳೆಯಲಿಲ್ಲ.

ಶ್ರೀರಾಂಪುರ ಎಂದರೆ ಈ ಊರಿನ ಎಷ್ಟೋ ಜನರಿಗೆ ಮೂಗು ಮುರಿಯುವ ಅಭ್ಯಾಸ. ನಾನು ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸಹೋದ್ಯೋಗಿಗಳು ಮನೆ ಎಲ್ಲಿ ಎಂದು ಕೇಳಿ, ಉತ್ತರ ಕೇಳಿದ ಮೇಲೆ “ಓ, ಅಲ್ಲಿಯಾ?” ಎಂದು ಸುಮ್ಮನಾಗುವುದನ್ನು ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ರೈಲು ಹಳಿಯ ಆಚೆ ಮಲ್ಲೇಶ್ವರಂ, ಈಚೆ ನಾವು. ಅವರ ಅಡುಗೆಮನೆಗೆ, ಅಂಗಡಿಯ ಕೆಲಸಕ್ಕೆ, ಸೀರೆಯ ಅಂಚು ಹೊಲಿಯಲು ನಮ್ಮ ಕಡೆಯವರು ಬೇಕು. ಆದರೆ ನಮ್ಮ ಗಲ್ಲಿಯ ಹೆಸರು ಮಾತ್ರ ಅವರ ಬಾಯಿಗೆ ಕಹಿ. ನಮ್ಮಪ್ಪ ಗಿರಣಿಗೆ ಹೋಗಿ ದುಡಿದು ಕಟ್ಟಿದ ಎರಡು ಕೋಣೆಯ ಮನೆ ಅಲ್ಲಿದೆ. ಮಹೇಶ ಓದಿದ್ದು, ಕೆಲಸ ಹಿಡಿದಿದ್ದು, ಮದುವೆಯಾಗಿ ಹೆಂಡತಿಯೊಡನೆ ಒಂದು ವರ್ಷ ಸಂಸಾರ ಮಾಡಿದ್ದು, ಎಲ್ಲವೂ ಆ ಮನೆಯಲ್ಲೇ.

ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಲೆಹೊರೆಯವರು “ದಾರಿ, ದಾರಿ” ಎನ್ನುತ್ತ ನುಗ್ಗುತ್ತಿದ್ದರು. ಅಮ್ಮ ಚೌಕಾಸಿ ಮಾಡದೆ ನಾಲ್ಕು ಮೊಳ ಮಲ್ಲಿಗೆ, ಒಂದು ಚಿಪ್ಪು ಏಲಕ್ಕಿಬಾಳೆ ಕೊಂಡಳು. ಚೌಕಾಸಿ ಮಾಡದ ಅಮ್ಮನನ್ನು ನಾನು ನೋಡಿದ್ದು ಅಪರೂಪ. ಇನ್ನೊಂದು ಬಸ್ಸು ಹಿಡಿದು ಗಾಂಧಿಬಜಾರಿನಲ್ಲಿ ಇಳಿದು, ಹೊಂಗೆ ಚಿಗುರಿದ ರಸ್ತೆಯಲ್ಲಿ ನಡೆದು ಬೀಗರ ಮನೆ ಸೇರಿದೆವು.

ಬೀಗಿತ್ತಿ ವಿಶಾಲಾಕ್ಷಮ್ಮ ಒಳ್ಳೆಯ ಮಾತಾಡಿಯೇ ಕೂರಿಸಿದರು. ಕೇಸರಿಬಾತು, ಕಾಫಿ ಬಂತು. ಮಗು ಅಮ್ಮನ ತೊಡೆ ಮೇಲೆ ಮಲಗಿ ಅವಳ ಬಳೆ ಹಿಡಿದುಕೊಂಡಿತು. ಪಕ್ಕದ ಮನೆಯ ಹೆಂಗಸೊಬ್ಬರೂ ಅಲ್ಲೇ ಕೂತಿದ್ದರು.

“ಎಲ್ಲಿಂದ ಬಂದ್ರಿ?” ಎಂದು ಅವರು ಅಮ್ಮನನ್ನು ಕೇಳಿದರು.

“ಶ್ರೀರಾಂಪುರ.”

“ಹೌದಾ? ನಿಮ್ಮ ಮಗ ಮಲ್ಲೇಶ್ವರಂ ಅಂತಿದ್ರಲ್ಲ.”

ಅಮ್ಮ ಮಹೇಶನ ಮುಖ ನೋಡಿದಳು. ಅವನು ಫೋನಿನಿಂದ ಕಣ್ಣೆತ್ತಲಿಲ್ಲ. “ಹತ್ರಾನೇ ಅಲ್ವಾಮ್ಮ. ಜನಕ್ಕೆ ಹೇಳೋಕೆ ಸುಲಭ ಆಗತ್ತೆ” ಎಂದ.

ಪಕ್ಕದ ಮನೆಯವರು ಎದ್ದು ಹೋದರು. ಅಮ್ಮ ಹೂವು, ಹಣ್ಣು, ಸೀರೆಯಿದ್ದ ಚೀಲವನ್ನು ಬೀಗಿತ್ತಿಯ ಮುಂದಿಟ್ಟು, “ಇವತ್ತು ಕರ್ಕೊಂಡು ಹೋಗ್ತೀವಿ” ಎಂದಳು. ವಿಶಾಲಾಕ್ಷಮ್ಮ ಅಳಿಯನತ್ತ ತಿರುಗಿ, “ನೀವೇ ಹೇಳಿಬಿಡಿ” ಎಂದರು.

“ಬೇರೆ ಮನೆ ನೋಡ್ತಿದೀನಮ್ಮ, ಈ ಕಡೆಗೇ” ಎಂದ ಮಹೇಶ. “ಸಿಕ್ಕಿದ ಮೇಲೆ ನೇರ ಅಲ್ಲಿಗೇ ಹೋಗ್ತೀವಿ. ಆ ಗಲ್ಲೀಲಿ ಮಗು ಬೆಳೆಸೋಕೆ ಆಗಲ್ಲ. ಆಫೀಸಿನವರು ಮಗು ನೋಡೋಕೆ ಬರ್ತೀವಿ ಅಂದ್ರೆ ಎಲ್ಲಿಗೆ ಕರೀಲಿ?”

ನನಗೆ ಮೈಯೆಲ್ಲ ಉರಿಯಿತು. ಬೀಗರು ಹೀಗೆ ಅಂದಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ಇವನು ನಮ್ಮವನೇ.

“ನೀನು ಬೆಳೆದಿದ್ದು ಎಲ್ಲೋ? ಅಪ್ಪ ತೀರಿಕೊಂಡಾಗ ನಿನ್ನ ಕಾಲೇಜು ಬಿಡಿಸ್ಬೇಡಿ ಅಂತ ಮನೆ ಮನೆಯವರು ಬಂದು ಹೇಳಿದ್ದು ಯಾವ ಗಲ್ಲೀಲಿ? ಆ ಜನರ ಹೆಸರು ಹೇಳೋಕೂ ನಿಂಗೆ ನಾಚಿಕೆಯಾ?”

“ಅಕ್ಕ, ಮೆತ್ತಗೆ ಮಾತಾಡು. ಇದು ಬೇರೆಯವರ ಮನೆ” ಎಂದ. ಮೆತ್ತಗೆ ಮಾತಾಡಬೇಕಂತೆ. ನಮ್ಮ ಗಲ್ಲಿಯವರು ಗಟ್ಟಿಯಾಗಿ ಮಾತಾಡುತ್ತಾರೆ, ಅದೂ ಅವನ ಲೆಕ್ಕದಲ್ಲಿ ಒಂದು ಕುಂದು.

ಅಷ್ಟರಲ್ಲಿ ಸಿಂಧು ಬಾಗಿಲಿಗೆ ಬಂದು ನಿಂತಳು. “ಅತ್ತೆ, ನಾನು ಹೋದ ತಿಂಗಳೇ ಬರ್ತೀನಿ ಅಂದಿದ್ದೆ. ಇವ್ರೇ ಬೇಡ ಅಂದ್ರು. ನೀವೇ ಬೇಡ ಅಂದಿದೀರಿ ಅಂದ್ಕೊಂಡಿದ್ದೆ. ಈಗಲೇ ಬ್ಯಾಗ್ ಹಾಕ್ಕೊಂಡು ಬರ್ತೀನಿ.”

ಆ ಮಾತಿಗೆ ವಿಶಾಲಾಕ್ಷಮ್ಮನೂ ಬೆಚ್ಚಿದರು. ಸ್ವಲ್ಪ ದಿನ ಅಲ್ಲೇ ಇರಲಿ ಅಂತ ಅಮ್ಮ ಅಂದಳೆಂದು ಅವರಿಗೊಂದು ಕತೆ, ಬಾಣಂತನ ಮುಗಿದಿಲ್ಲವೆಂದು ನಮಗೊಂದು ಕತೆ ಹೇಳಿಕೊಂಡು ಅಳಿಯ ತಿಂಗಳುಗಳನ್ನು ನೂಕಿದ್ದ. ನಾನು ಎದ್ದೇ ನಿಂತಿದ್ದೆ. ಆದರೆ ಅಮ್ಮ ಮಗುವಿನ ಬೆರಳನ್ನು ಬಳೆಯಿಂದ ಮೆಲ್ಲಗೆ ಬಿಡಿಸಿ ಅದನ್ನು ಸಿಂಧುವಿನ ಕೈಗೆ ಕೊಟ್ಟಳು.

“ಗಂಡ ಹೆಂಡ್ತಿ ಕಿತ್ತಾಡ್ಕೊಂಡು ಮಗು ನಮ್ಮ ಹೊಸ್ತಿಲು ದಾಟೋದು ಬೇಡಮ್ಮ. ಇಬ್ರೂ ಒಪ್ಕೊಂಡು ಬನ್ನಿ. ಬಾಗಿಲು ತೆಗೆದೇ ಇರತ್ತೆ.”

ಗೇಟಿನ ತನಕ ಮಹೇಶ ಹಿಂದೆ ಬಂದ. ಬಿಸಿಲು ನೆತ್ತಿಗೇರಿತ್ತು. “ಇರಮ್ಮ, ಕ್ಯಾಬ್ ಬುಕ್ ಮಾಡ್ತೀನಿ” ಎಂದ.

“ಎಲ್ಲಿಗೆ ಅಂತ ಮಾಡ್ತೀಯಪ್ಪ?” ಎಂದಳು ಅಮ್ಮ. ಕೊಂಕಿನಿಂದ ಅಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು. ನಾವು ಬಸ್ ಸ್ಟಾಪಿಗೆ ನಡೆದೆವು.

ವಾಪಸ್ಸು ಬರುವಾಗ ಬಸ್ಸುಗಳು ತುಂಬಿದ್ದವು. ಮಾರ್ಕೆಟ್ಟಿನವರೆಗೆ ಅಮ್ಮನಿಗಷ್ಟೇ ಸೀಟು ಸಿಕ್ಕಿತು. ನಾನು ಕಂಬಿ ಹಿಡಿದು ನಿಂತು ದಾರಿಯುದ್ದಕ್ಕೂ ತಮ್ಮನನ್ನು ಬೈದೆ. ಸುತ್ತಲಿನವರು ಕೇಳಿಸಿಕೊಂಡರೂ ನಿಲ್ಲಿಸಲಿಲ್ಲ. ಅಮ್ಮ ಮಾತ್ರ ಕಿಟಕಿಯಾಚೆ ನೋಡುತ್ತ, “ಮಗು ಅವನ ಹಾಗೇ ಇದೆ, ಹಣೆ ನೋಡ್ದಾ?” ಎಂದಳು.

ನಮ್ಮ ಗಲ್ಲಿಯ ತಿರುವಿನಲ್ಲಿ ಎದುರುಮನೆಯ ಸೆಲ್ವಿಯಮ್ಮ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ಅವರ ಹಿಂದೆ ನಾಲ್ಕೈದು ಹೆಂಗಸರು ಒಳ್ಳೆಯ ಸೀರೆ ಉಟ್ಟು ಕಾದಿದ್ದರು. ನಮ್ಮ ಮನೆಯ ಮುಂದೆ ಯಾರೋ ದೊಡ್ಡ ರಂಗೋಲಿ ಬಿಟ್ಟಿದ್ದರು. ಬರಿಗೈಯಲ್ಲಿ ಬಂದ ನಮ್ಮನ್ನು ನೋಡಿ ಸೆಲ್ವಿಯಮ್ಮ, “ಎಲ್ಲಿ ನಮ್ಮ ಮಗು?” ಎಂದರು.

ನಾನು ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದೆ. ಅಮ್ಮ ನನ್ನ ಮುಂಗೈಯನ್ನು ಗಟ್ಟಿಯಾಗಿ ಒತ್ತಿದಳು.

“ಸ್ವಲ್ಪ ನೆಗಡಿ ಆಗಿದೆ. ಪಾಪ, ಮಹೇಶ ಕರ್ಕೊಂಡು ಬರೋಣ ಅಂತಾನೇ ಹಟ ಮಾಡ್ತಿದ್ದ. ನಾನೇ ಬೇಡ ಅಂದೆ” ಎಂದಳು.

ಸೆಲ್ವಿಯಮ್ಮ ನಂಬಿದರು. “ಒಳ್ಳೇದೇ ಮಾಡಿದ್ರಿ, ಹುಷಾರಾಗಿ ಬರ್ಲಿ” ಎಂದು ಆರತಿಯ ಕೆಂಪು ನೀರಿನ ತಟ್ಟೆಯನ್ನು ತಮ್ಮ ತುಳಸಿ ಕುಂಡದ ಪಕ್ಕ ಇಳಿಸಿಟ್ಟರು, ನೀರು ಚೆಲ್ಲಲಿಲ್ಲ.